ಕೋವಿಗೆ ಕೈ ಮುಗಿಯುವ ಮುನ್ನ

ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಕೋವಿಗಳು ಗೋಡೆಯಿಂದ ಕೆಳಗಿಳಿಯುತ್ತವೆ. ಮಲೆನಾಡಿನ ತೋಟದ ಮನೆಗಳಲ್ಲೂ ಬಾಗಿಲ ಹಿಂದೊಂದು ಕೋವಿ ಇದ್ದೇ ಇರುತ್ತದೆ. ‘ಸೇಫ್ಟಿ ಹಾಕಿದೆ’ ಎಂಬ ಒಂದೇ ಮಾತನ್ನು ನಂಬಿ ಅದನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಆ ಪುಟ್ಟ ಗುಂಡಿ ಏನನ್ನು ತಡೆಯುತ್ತದೆ? ಏನನ್ನು ತಡೆಯಲಾರದು?

ಸೆಪ್ಟೆಂಬರ್ 3, ಹಬ್ಬದ ದಿನ. ನಾಟಿ ಮುಗಿದು ಗದ್ದೆಯೆಲ್ಲ ಹಸಿರಾಗಿದೆ. ಬೆಳಗಿನಿಂದ ಜಿನುಗುತ್ತಿರುವ ಮಳೆ ಹೆಂಚಿನ ಅಂಚಿನಿಂದ ಅಂಗಳಕ್ಕೆ ಇಳಿಯುತ್ತಿದೆ. ಒಳಗೆ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚಿದ್ದಾರೆ. ದೀಪದ ಎದುರು ಒಡಿಕತ್ತಿ, ಪೀಚೆಕತ್ತಿ, ಅವುಗಳ ಪಕ್ಕದಲ್ಲಿ ಸಾಲಾಗಿ ಕೋವಿಗಳು. ಹಿಂದಿನ ದಿನವೇ ಗಜ ಹಾಕಿ ಉಜ್ಜಿ ಎಣ್ಣೆ ಸವರಿದ ನಳಿಕೆಗಳು. ಮರದ ಹಿಡಿಗೆ ಗಂಧದ ಬೊಟ್ಟು. ನಳಿಕೆಯ ಬಾಯಿಗೆ ಸಿಕ್ಕಿಸಿದ ಕೆಂಪು ಹಳದಿಯ ತೋಕ್ ಪೂ.

ಬೇರೆಡೆ ಗೌರಿ ಹೂ, ಅಗ್ನಿಶಿಖೆ ಎಂದು ಕರೆಯುವ ಈ ಬಳ್ಳಿಯ ಹೂ ಕೊಡಗಿನಲ್ಲಿ ಕೋವಿಯ ಹೂವೇ ಆಗಿಬಿಟ್ಟಿದೆ. ಪೂಜೆಯಾಗಿ, ಕಡಂಬಟ್ಟು ಪಂದಿಕರಿಯ ಊಟ ಮುಗಿದ ಮೇಲೆ ಊರವರು ಬಯಲಿನಲ್ಲಿ ಸೇರುತ್ತಾರೆ. ಮರದ ತುದಿಗೆ ತೆಂಗಿನಕಾಯಿ ಕಟ್ಟಿರುತ್ತದೆ. ಒಬ್ಬೊಬ್ಬರಾಗಿ ಗುರಿ ಹಿಡಿಯುತ್ತಾರೆ. ಹಿರಿಯರು ಹೊಡೆದಾದ ಮೇಲೆ ಅಜ್ಜ ಮೊಮ್ಮಗನನ್ನು ಕರೆದು ಅವನ ಹೆಗಲಿಗೆ ಕೋವಿ ಕೊಡುತ್ತಾರೆ. ಹುಡುಗನ ಮೊದಲ ಈಡು ಅದು.

ಕೋವಿ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯ ಬಗ್ಗೆ ಬರೆಯಬೇಕು ಅನಿಸಿತು. ಅವಘಡಗಳು ನಡೆಯುವುದು ಬಹುಮಟ್ಟಿಗೆ ಇಂಥ ಗಳಿಗೆಗಳಲ್ಲೇ. ಕೋವಿ ಕೊಡುವಾಗ, ಇಸಿದುಕೊಳ್ಳುವಾಗ, ಜೀಪಿಗೆ ಹಾಕುವಾಗ, ಬೇಲಿ ದಾಟುವಾಗ, ಒರೆಸುವಾಗ. ಗುರಿಯಿಟ್ಟು ಹೊಡೆಯುವಾಗ ಮನುಷ್ಯನ ಗಮನವೆಲ್ಲ ಕೋವಿಯ ಮೇಲಿರುತ್ತದೆ. ಉಳಿದ ಹೊತ್ತಿನಲ್ಲಿ ಅದು ಕೈಯಲ್ಲಿರುವ ಇನ್ನೊಂದು ವಸ್ತು, ಅಷ್ಟೆ.

ಮೊದಲು ಆ ಹೂವಿನ ಮಾತು. ಹೊಡೆಯುವ ಮುನ್ನ ಅದನ್ನು ತೆಗೆಯಲೇಬೇಕು, ತೆಗೆದ ಮೇಲೆ ಎಸಳು, ತೊಟ್ಟು ಒಳಗೆ ಉಳಿದಿಲ್ಲವೆಂದು ನೋಡಲೇಬೇಕು. ಕೋವಿ ತೆರೆದು, ತೋಟಾ ಇಲ್ಲವೆಂದು ಖಚಿತ ಮಾಡಿಕೊಂಡು, ಹಿಂಬದಿಯಿಂದ ನಳಿಕೆಯೊಳಗೆ ಬೆಳಕು ನೋಡಬೇಕು. ಒರೆಸುವ ಬಟ್ಟೆಯ ತುಂಡು, ಒಳಗೆ ಮೆತ್ತಿದ ಕೆಸರು, ಮಳೆಗಾಲದಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಇವುಗಳಲ್ಲಿ ಯಾವುದು ಸಿಕ್ಕಿಕೊಂಡಿದ್ದರೂ ಗುಂಡಿನ ಹಿಂದಿನ ಅನಿಲಕ್ಕೆ ದಾರಿ ಕಟ್ಟುತ್ತದೆ. ಆಗ ನಳಿಕೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಸೀಳುವ ಜಾಗ ಹೊಡೆಯುವವನ ಎಡಗೈ ಹಿಡಿದಿರುವಲ್ಲೇ ಆಗಿರಬಹುದು. ಇದನ್ನು ತಡೆಯುವ ಸೇಫ್ಟಿ ಯಾವ ಕೋವಿಯಲ್ಲೂ ಇಲ್ಲ.

ಆ ಗುಂಡಿಯೊಳಗೆ ಏನಿದೆ?

ರೈಫಲ್ಲಿನ ಕೆಲಸ ಕೇಳಲು ಸುಲಭ. ನಳಿಕೆಯ ಹಿಂಬದಿಯನ್ನು ಮುಚ್ಚುವ ಬೋಲ್ಟಿನೊಳಗೆ ಫೈರಿಂಗ್ ಪಿನ್ ಇದೆ, ಅದರ ಹಿಂದೆ ಬಲವಾದ ಸ್ಪ್ರಿಂಗ್. ಬೋಲ್ಟ್ ಎಳೆದು ಮುಚ್ಚಿದಾಗ ಸ್ಪ್ರಿಂಗ್ ಒತ್ತಿಕೊಂಡು ನಿಲ್ಲುತ್ತದೆ. ಅದು ಮುಂದಕ್ಕೆ ನುಗ್ಗದಂತೆ ಹಿಡಿದಿರುವುದು ಸಿಯರ್ ಎಂಬ ಸಣ್ಣ ಉಕ್ಕಿನ ಕೊಕ್ಕೆ. ಟ್ರಿಗರ್ ಎಳೆದರೆ ಕೊಕ್ಕೆ ಜಾರುತ್ತದೆ, ಪಿನ್ ಮುನ್ನುಗ್ಗಿ ತೋಟಾದ ತಳಕ್ಕೆ ಬಡಿಯುತ್ತದೆ, ಮದ್ದು ಹೊತ್ತುತ್ತದೆ.

ಒತ್ತಿಹಿಡಿದ ಆ ಸ್ಪ್ರಿಂಗಿಗೂ ಹಾರುವ ಗುಂಡಿಗೂ ನಡುವೆ ಇರುವುದು ಉಕ್ಕಿನ ಎರಡು ಅಂಚುಗಳು ಮಾತ್ರ. ಅವು ಒಂದನ್ನೊಂದು ಹಿಡಿದಿರುವ ಅಗಲ ಕೂದಲೆಳೆಯ ಲೆಕ್ಕದಲ್ಲಿರುತ್ತದೆ. ಅಲ್ಲಿ ಧೂಳು ಕೂರಬಹುದು, ತುಕ್ಕು ಹಿಡಿಯಬಹುದು, ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಬಹುದು, ಅಂಚು ಸವೆಯಬಹುದು.

ಸೇಫ್ಟಿ ಈ ಸರಪಳಿಯಲ್ಲಿ ಎಲ್ಲಿ ಕೈ ಹಾಕುತ್ತದೆ ಎಂಬುದು ಮುಖ್ಯ. ಕೆಲವು ಸೇಫ್ಟಿಗಳು ಟ್ರಿಗರನ್ನಷ್ಟೇ ಕಟ್ಟಿಹಾಕುತ್ತವೆ. ಬೆರಳು ಎಳೆದರೂ ಟ್ರಿಗರ್ ಅಲುಗದು. ಆದರೆ ಕೋವಿ ಬಂಡೆಯ ಮೇಲೆ ಬಿದ್ದು ಏಟಿಗೆ ಸಿಯರ್ ತಾನಾಗಿ ಜಾರಿದರೆ ಇಂಥ ಸೇಫ್ಟಿ ನೋಡುತ್ತ ಕೂರುತ್ತದೆ. ಇನ್ನು ಕೆಲವು ಸಿಯರನ್ನೇ ಹಿಡಿಯುತ್ತವೆ. ಅವಕ್ಕಿಂತ ಗಟ್ಟಿಯಾದವು ಫೈರಿಂಗ್ ಪಿನ್ನನ್ನೇ ಹಿಂದಕ್ಕೆ ಎಳೆದು ಬಿಗಿಯುತ್ತವೆ.

ಪೊಲೀಸರ ಹೆಗಲಲ್ಲಿ ದಶಕಗಳ ಕಾಲ ನೋಡಿದ ತ್ರೀ ನಾಟ್ ತ್ರೀ, ಅಂದರೆ ಲೀ ಎನ್‌ಫೀಲ್ಡ್ ರೈಫಲ್, ಈ ಕೊನೆಯ ಜಾತಿಗೆ ಸೇರಿದ್ದು. ಎಡಗಡೆ, ಬೋಲ್ಟಿನ ಹಿಂಭಾಗದಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ಪುಟ್ಟ ಸನ್ನೆ. ಹಿಂದಕ್ಕೆ ತಿರುಗಿಸಿದರೆ ಪಿನ್ನಿನ ಹಿಂತುದಿಯೂ ಬೋಲ್ಟೂ ಎರಡೂ ಬಿಗಿಯುತ್ತವೆ. ಮುಂದಕ್ಕೆ ತಳ್ಳಿದರೆ ಹೊಡೆಯಲು ಸಿದ್ಧ. ಈಶಾಪುರದ ಕಾರ್ಖಾನೆಯಿಂದ ಬರುವ .315 ಸ್ಪೋರ್ಟಿಂಗ್ ರೈಫಲ್ಲಿನದೂ ಇದೇ ಮೈಕಟ್ಟು.

ಎಕೆ 47ರ ಕಥೆ ಬೇರೆ. ಬಲಗಡೆಯ ಉದ್ದ ಸನ್ನೆ ಮೇಲಿದ್ದರೆ ಸೇಫ್, ನಡುವೆ ಇಳಿಸಿದರೆ ಸತತ ಗುಂಡು, ಪೂರ್ತಿ ಕೆಳಗೆ ತಂದರೆ ಒಂದೊಂದೇ ಗುಂಡು. ಒಂದರಲ್ಲಿ ಮುಂದಕ್ಕೆ ತಳ್ಳಿದರೆ ಹೊಡೆಯಲು ಸಿದ್ಧ, ಇನ್ನೊಂದರಲ್ಲಿ ಮೇಲಿದ್ದರೆ ಭದ್ರ. ಹಾಗಾಗಿ ಪರಿಚಯವಿಲ್ಲದ ಕೋವಿಯ ಸೇಫ್ಟಿಯನ್ನು ಅಂದಾಜಿನ ಮೇಲೆ ಮುಟ್ಟಬಾರದು. ಗೊತ್ತಿಲ್ಲದಿದ್ದರೆ ನಳಿಕೆಯನ್ನು ಜನವಿಲ್ಲದ ಕಡೆಗೆ ಹಿಡಿದು, ಗೊತ್ತಿರುವವರನ್ನು ಕರೆಯಬೇಕು.

ಜೋಡು ನಳಿಕೆಯ ಹನ್ನೆರಡು ಬೋರಿನ ಕೋವಿಯಲ್ಲಿ ಸೇಫ್ಟಿ ಮೇಲ್ಭಾಗದಲ್ಲೇ ಇರುತ್ತದೆ. ಹಿಡಿಯ ಕುತ್ತಿಗೆಯ ಮೇಲೆ ಜಾರುವ ಗುಂಡಿ. ಕೋವಿ ಮಡಚಿ ತೆರೆದಾಗ ಹಲವು ಮಾದರಿಗಳಲ್ಲಿ ಅದು ತಾನಾಗಿಯೇ ಸೇಫ್ ಕಡೆಗೆ ಸರಿಯುತ್ತದೆ. ನಮ್ಮ ಕಡೆಯ ತೋಟಗಾರರಲ್ಲಿ ಅನೇಕರಿಗೆ ಇದೊಂದು ದೊಡ್ಡ ಧೈರ್ಯ. ಆದರೆ ಸಾಧಾರಣ ಬೆಲೆಯ ಜೋಡುನಳಿಕೆಗಳಲ್ಲಿ ಅದು ಕಟ್ಟುವುದು ಟ್ರಿಗರ್‌ಗಳನ್ನು ಮಾತ್ರ. ಒಳಗಿನ ಸುತ್ತಿಗೆ ಏರಿಯೇ ಇರುತ್ತದೆ, ಸಿಯರ್ ಅದನ್ನು ಹಿಡಿದೇ ಇರುತ್ತದೆ. ಬಿದ್ದ ಏಟಿಗೆ ಜಾರಿದ ಸುತ್ತಿಗೆಯನ್ನು ನಡುದಾರಿಯಲ್ಲಿ ಹಿಡಿಯುವ ಎರಡನೇ ಕೊಕ್ಕೆ ದುಬಾರಿ ಕೋವಿಗಳಲ್ಲಷ್ಟೇ ಸಿಗುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿಗೆ ಹ್ಯಾಂಡ್‌ಬ್ರೇಕ್ ಹಾಕಿದ್ದೇವೆಂದು ಅದರ ಮುಂದೆ ಮಗುವನ್ನು ಆಡಲು ಬಿಡುವವರು ಯಾರೂ ಇಲ್ಲ. ಸೇಫ್ಟಿಯನ್ನೂ ಅಷ್ಟೇ ನಂಬಬೇಕು. ಹಾಕುವುದನ್ನು ಮರೆಯಬಾರದು, ಹಾಕಿದ ಮೇಲೂ ಕೋವಿಯ ಮುಂದೆ ಯಾರನ್ನೂ ಬಿಡಬಾರದು.

> ಮೂರು ನಿಲುವಿನ ರೆಕ್ಕೆ
> ಜರ್ಮನಿಯ ಮೌಸರ್ 1898ರ ರೈಫಲ್ಲಿನ ಬೋಲ್ಟ್ ಹಿಂದೆ ಪುಟ್ಟ ರೆಕ್ಕೆಯೊಂದಿದೆ. ಎಡಕ್ಕೆ ಮಲಗಿಸಿದರೆ ಗುಂಡು ಹಾರುತ್ತದೆ. ಬಲಕ್ಕೆ ಮಲಗಿಸಿದರೆ ಪಿನ್ ಮತ್ತು ಬೋಲ್ಟ್ ಎರಡೂ ಬಿಗಿ. ನೆಟ್ಟಗೆ ನಿಲ್ಲಿಸಿದರೆ ಪಿನ್ ಬಿಗಿಯಾಗಿರುತ್ತದೆ, ಬೋಲ್ಟ್ ಮಾತ್ರ ತೆರೆಯಲು ಬರುತ್ತದೆ. ಅಂದರೆ ಸೇಫ್ಟಿ ತೆಗೆಯದೆಯೇ ತೋಟಾ ಹೊರತೆಗೆಯಬಹುದು. ಈ ನಡು ನಿಲುವಿನ ಬೆಲೆ ಏನೆಂಬುದು ನೂರು ವರ್ಷಗಳ ನಂತರ ಅಮೆರಿಕದ ಒಂದು ಕುಟುಂಬಕ್ಕೆ ತಿಳಿಯಬೇಕಾಯಿತು.

ಮೊಂಟಾನದ ಆ ಅಕ್ಟೋಬರ್

2000ದ ಅಕ್ಟೋಬರ್. ಅಮೆರಿಕದ ಮೊಂಟಾನ ರಾಜ್ಯದಲ್ಲಿ ಕುಟುಂಬವೊಂದು ಬೇಟೆ ಮುಗಿಸಿ ವಾಪಸು ಬಂದಿತ್ತು. ತಾಯಿ ತಮ್ಮ ರೈಫಲ್ಲಿನಿಂದ ತೋಟಾ ತೆಗೆಯಲು ನಿಂತರು. ಅದು ರೆಮಿಂಗ್ಟನ್ 700. 1962ರಿಂದ ಮಾರುಕಟ್ಟೆಯಲ್ಲಿರುವ, ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಬೋಲ್ಟ್ ರೈಫಲ್‌ಗಳಲ್ಲಿ ಒಂದು.

1982ಕ್ಕಿಂತ ಮೊದಲಿನ ಆ ಮಾದರಿಯಲ್ಲಿ ಸೇಫ್ಟಿ ಹಾಕಿದ್ದರೆ ಬೋಲ್ಟ್ ತೆರೆಯುತ್ತಿರಲಿಲ್ಲ. ತೋಟಾ ತೆಗೆಯಬೇಕೆಂದರೆ ಮೊದಲು ಸೇಫ್ಟಿ ತೆಗೆಯಬೇಕು. ಕೋವಿಯನ್ನು ನಿರಪಾಯ ಮಾಡಲು ಹೊರಟವರು ಮೊದಲು ಅದನ್ನು ಅಪಾಯದ ಸ್ಥಿತಿಗೆ ತರಬೇಕಿತ್ತು.

ಆ ತಾಯಿ ಹಾಗೆಯೇ ಮಾಡಿದರು. ಬೆರಳು ಟ್ರಿಗರ್ ಮೇಲಿರಲಿಲ್ಲ ಎಂಬುದು ಅವರ ಮಾತು. ಸೇಫ್ಟಿ ಸರಿಸಿದ್ದೇ ತಡ ಗುಂಡು ಹಾರಿತು. ಎದುರಿಗಿದ್ದ ಕುದುರೆ ಸಾಗಿಸುವ ಗಾಡಿಯನ್ನು ತೂರಿಕೊಂಡು ಹೋಯಿತು. ಗಾಡಿಯ ಆಚೆ ಅವರ ಒಂಬತ್ತು ವರ್ಷದ ಮಗ ನಿಂತಿದ್ದ. ಹುಡುಗ ಉಳಿಯಲಿಲ್ಲ.

ಟ್ರಿಗರ್ ವ್ಯವಸ್ಥೆಯೊಳಗಿನ ಒಂದು ಸಡಿಲ ತುಂಡು ತನ್ನ ಜಾಗಕ್ಕೆ ಮರಳದೆ ಉಳಿದರೆ ಸೇಫ್ಟಿ ತೆಗೆದ ಕೂಡಲೇ ಗುಂಡು ಹಾರಬಹುದು ಎಂಬುದು ಕಂಪನಿಯ ವಿರುದ್ಧ ಹೂಡಿದ ಮೊಕದ್ದಮೆಗಳ ವಾದ. ಕಂಪನಿ ತನ್ನ ವಿನ್ಯಾಸದಲ್ಲಿ ದೋಷವಿದೆಯೆಂದು ಒಪ್ಪಲಿಲ್ಲ. ಹುಡುಗನ ತಂದೆ ವರ್ಷಗಟ್ಟಲೆ ದಾಖಲೆ ಹುಡುಕಿದರು, ಹೋರಾಡಿದರು. 2010ರಲ್ಲಿ ಸಿಎನ್‌ಬಿಸಿ ವಾಹಿನಿ ಈ ಬಗ್ಗೆ ಸಾಕ್ಷ್ಯಚಿತ್ರ ಮಾಡಿತು. ಹೊಸ ಬಗೆಯ ಟ್ರಿಗರ್ ಹಾಕಿದ ರೈಫಲ್‌ಗಳನ್ನೂ, ಜೋಡಣೆಯಲ್ಲಿ ಅಂಟು ಹೆಚ್ಚಾಗಿದೆ ಎಂಬ ಕಾರಣಕ್ಕೆ, 2014ರಲ್ಲಿ ಕಂಪನಿಯೇ ವಾಪಸು ಕರೆಸಿಕೊಂಡಿತು. ಕೊನೆಗೆ 2017ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಸುಮಾರು 75 ಲಕ್ಷ ಬಂದೂಕುಗಳು ಟ್ರಿಗರ್ ಬದಲಾವಣೆಯ ವ್ಯಾಪ್ತಿಗೆ ಬಂದವು.

ಈ ಪ್ರಕರಣವನ್ನು ಓದಿದಾಗಲೆಲ್ಲ ನನ್ನ ಗಮನ ಯಂತ್ರದಿಂದ ಆ ಗಾಡಿಯ ಕಡೆಗೆ ಹೊರಳುತ್ತದೆ. ಗಾಡಿಯ ಆಚೆ ಯಾರಿದ್ದಾರೆಂದು ಆ ತಾಯಿಗೆ ಕಾಣುವಂತಿರಲಿಲ್ಲ. ಅವರನ್ನು ದೂರುವ ಮನಸ್ಸು ನನಗಿಲ್ಲ. ಕೋವಿ ಕೈಕೊಡಬಹುದು ಎಂದು ಯಾರೂ ಅವರನ್ನು ಎಚ್ಚರಿಸಿರಲಿಲ್ಲ. ಆದರೆ ನಮಗೆ ಈಗ ಗೊತ್ತಿದೆ. ಯಂತ್ರ ಸೋಲುವ ಗಳಿಗೆಯಲ್ಲಿ ನಳಿಕೆ ಮಣ್ಣಿನ ದಿಬ್ಬದ ಕಡೆಗಿದ್ದರೆ ಒಂದು ತೋಟಾ ಹಾಳಾಗುತ್ತದೆ. ಗೋಡೆ, ತಗಡು, ಗಾಡಿ, ಬೇಲಿಯ ಕಡೆಗಿದ್ದರೆ ಅದರ ಆಚೆ ಯಾರಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಾಡಕೋವಿಯ ಕುದುರೆ

ನಮ್ಮ ಮಲೆನಾಡಿನ ಹಳೆಯ ಕೇಪಿನ ಕೋವಿಗಳಲ್ಲಿ ಈ ಚರ್ಚೆಗೇ ಜಾಗವಿಲ್ಲ. ಮುಂದಿನಿಂದ ಮದ್ದು ಸುರಿದು, ತೆಂಗಿನ ನಾರೋ ಕಾಗದವೋ ತುರುಕಿ, ಚರೆ ಹಾಕಿ, ಗಜದಿಂದ ಜಡಿಯುವ ಕೋವಿ ಅದು. ಸೇಫ್ಟಿ ಗುಂಡಿ ಎಂಬುದೇ ಇಲ್ಲ. ಇರುವುದು ಕುದುರೆಯ, ಅಂದರೆ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಡಿಯುವ ಸುತ್ತಿಗೆಯ, ಅರ್ಧ ಏರಿಕೆ ಮಾತ್ರ. ಕುದುರೆಯನ್ನು ಅರ್ಧಕ್ಕೆ ಎತ್ತಿದಾಗ ಒಳಗಿನ ಕಚ್ಚಿನಲ್ಲಿ ಕೊಕ್ಕೆ ಕೂರುತ್ತದೆ, ಟ್ರಿಗರ್ ಎಳೆದರೂ ಬೀಳಬಾರದು. ಅದು ಹೊಸದಿದ್ದಾಗಿನ ಮಾತು. ಎರಡು ಮೂರು ತಲೆಮಾರು ಬಳಸಿದ ಕೋವಿಯಲ್ಲಿ ಕಚ್ಚು ಸವೆದಿರುತ್ತದೆ.

ಕುದುರೆಯನ್ನು ಪೂರ್ತಿ ಇಳಿಸಿಟ್ಟರೆ ಭದ್ರ ಎಂದು ಭಾವಿಸುವವರಿದ್ದಾರೆ. ಅದು ಇನ್ನೂ ಅಪಾಯ. ಆಗ ಕುದುರೆಯ ಮುಖ ನೇರವಾಗಿ ಕೇಪಿನ ಮೇಲೆ ಕೂತಿರುತ್ತದೆ. ಕೋವಿ ಜಾರಿ ಕುದುರೆಯ ಬೆನ್ನು ಕಲ್ಲಿಗೆ ಬಡಿದರೂ ಕೇಪು ಸಿಡಿಯುತ್ತದೆ. ಲಂಟಾನದ ಪೊದೆಯಲ್ಲಿ ನುಸುಳುವಾಗ ಕಡ್ಡಿಯೊಂದು ಕುದುರೆಗೆ ಸಿಕ್ಕಿ ಸ್ವಲ್ಪ ಹಿಂದಕ್ಕೆಳೆದು ಬಿಟ್ಟರೂ ಅದೇ ಕಥೆ. ಕಾಡುಹಂದಿ ಕಾಯಲು ಹೋದವರು ತಮ್ಮದೇ ಕೋವಿಯ ಗುಂಡಿಗೆ ಬಲಿಯಾದ ಸುದ್ದಿಗಳ ಹಿಂದೆ ಇಂಥ ಕಡ್ಡಿ, ಇಂಥ ಕಲ್ಲು ಇರುತ್ತವೆ.

ಈ ಕೋವಿಗೆ ನಿಜವಾದ ಸೇಫ್ಟಿ ಒಂದೇ. ಹೊಡೆಯುವ ಕ್ಷಣದವರೆಗೆ ಕೇಪು ಹಾಕಬಾರದು. ನಡೆಯುವಾಗ ಕೇಪು ಜೇಬಿನಲ್ಲಿರಬೇಕು. ಹೊಡೆಯದೆ ಮರಳಿದರೆ ಕೇಪು ಮೊದಲು ಕೈಗೆ ಬರಬೇಕು. ಮದ್ದು ತುಂಬಿದ ಕೋವಿಯನ್ನು ನಾಳೆ ಬೇಕಾಗುತ್ತದೆಂದು ಅಟ್ಟದ ಮೇಲಿಟ್ಟರೆ, ನಾಳೆ ಅದನ್ನು ಇಳಿಸುವ ಕೈ ಬೇರೆಯವರದ್ದಾಗಿರಬಹುದು.

ಟ್ರಿಗರ್ ಎಳೆದರೂ ಸದ್ದಾಗದಿದ್ದಾಗ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡಬೇಕು. ಏನಾಯಿತೆಂದು ನಳಿಕೆಯ ಬಾಯಿ ನೋಡಲು ತಿರುಗಿಸುವುದು ಬಹಳ ಜನರ ಮೊದಲ ಚಲನೆ. ತೇವ ತಗುಲಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ತೋಟಾದ ಕೋವಿಯಾದರೆ ನಳಿಕೆ ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ಆಮೇಲೆ ತೆರೆಯಬೇಕು. ಕೇಪಿನ ಕೋವಿಗೆ ಇನ್ನೂ ಹೆಚ್ಚು ಹೊತ್ತು ಬೇಕು.

> 1861ರಿಂದ ಬಂದ ವಿನಾಯಿತಿ
> ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ, ಮಾರ್ಕ್ ಕಬ್ಬನ್ ಮುಖ್ಯ ಕಮಿಷನರ್ ಆಗಿದ್ದಾಗ. ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯ್ದೆಯಡಿಯೂ ಅದು ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ, ಅಂದರೆ 2029ರವರೆಗೆ, ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಸುತ್ತಲಿನವರಿಗೆ ತಿಳಿಸುವುದು ಅಲ್ಲಿನ ಸಂಪ್ರದಾಯ.

‘ಖಾಲಿ ಇದೆ ಮಾರಾಯ’

ಕೋವಿಯ ಅವಘಡಗಳ ಸುದ್ದಿಯಲ್ಲಿ ಪದೇ ಪದೇ ಕೇಳುವ ಮಾತು ಇದು. ಖಾಲಿ ಇದೆ ಎಂದುಕೊಂಡಿದ್ದರು. ಖಾಲಿ ಎಂದು ನೆನಪಿತ್ತು. ಖಾಲಿ ಮಾಡಿಯೇ ಇಟ್ಟಿದ್ದೆ ಎಂದು ಅಣ್ಣ ಹೇಳಿದ್ದ.

ಅಮೆರಿಕದ ನೌಕಾ ಪದಾತಿ ದಳದಲ್ಲಿದ್ದ ಜೆಫ್ ಕೂಪರ್ 1976ರಲ್ಲಿ ಅರಿಜೋನಾದಲ್ಲಿ ಶೂಟಿಂಗ್ ಶಾಲೆ ತೆರೆದರು. ಅವರು ಒಂದೆಡೆ ತಂದ ನಾಲ್ಕು ನಿಯಮಗಳನ್ನು ಈಗ ಜಗತ್ತಿನ ಬಹುತೇಕ ತರಬೇತಿಗಳಲ್ಲಿ ಕಲಿಸುತ್ತಾರೆ. ಪ್ರತಿ ಕೋವಿಯೂ ತುಂಬಿದೆ ಎಂದೇ ತಿಳಿ. ಹಾಳಾಗಬಾರದ ಯಾವುದರ ಮೇಲೂ ನಳಿಕೆ ಹಾಯದಿರಲಿ. ಗುರಿಯ ಮೇಲೆ ಕಣ್ಣು ನಿಲ್ಲುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿರಲಿ. ಸೇಫ್ಟಿ ಹಾಕು ಎಂಬುದು ಈ ನಾಲ್ಕರಲ್ಲಿ ಇಲ್ಲ. ಕೂಪರ್ ಅದನ್ನು ಬೇಡವೆಂದವರಲ್ಲ. ಆದರೆ ಜೀವ ಉಳಿಸುವ ಭಾರವನ್ನು ಅವರು ಯಂತ್ರದ ಮೇಲೆ ಹಾಕದೆ ಮನುಷ್ಯನ ಮೇಲೆ ಹಾಕಿದರು. ನನಗೆ ಅದೇ ಸರಿ ಕಾಣುತ್ತದೆ.

ಕೋವಿ ಖಾಲಿ ಮಾಡುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ತಪ್ಪಿದರೆ ಖಾಲಿ ಮಾಡಿದ ಶಾಸ್ತ್ರವಷ್ಟೇ ಆಗುತ್ತದೆ. ಮ್ಯಾಗಜಿನ್ ಇರುವ ರೈಫಲ್ ಎಂದುಕೊಳ್ಳಿ. ನಳಿಕೆ ನಿರಪಾಯ ದಿಕ್ಕಿಗೆ, ಬೆರಳು ಹೊರಗೆ, ಬೋಲ್ಟ್ ತೆರೆಯಲು ಬಿಡುವ ಸೇಫ್ಟಿಯಾದರೆ ಅದೂ ಹಾಕಿರಲಿ. ಮೊದಲು ಮ್ಯಾಗಜಿನ್ ತೆಗೆಯಬೇಕು. ಆಮೇಲೆ ಬೋಲ್ಟ್ ಎಳೆದು ನಳಿಕೆಯೊಳಗಿನ ತೋಟಾ ಹೊರಹಾಕಬೇಕು.

ಇದನ್ನು ತಿರುಗುಮುರುಗು ಮಾಡುವುದೇ ದೊಡ್ಡ ತಪ್ಪು. ಮೊದಲು ಬೋಲ್ಟ್ ಎಳೆದರೆ ಒಂದು ತೋಟಾ ಹೊರಗೆ ಹಾರುತ್ತದೆ. ಕಣ್ಣೆದುರೇ ತೋಟಾ ಬಿತ್ತಲ್ಲ ಎಂಬ ಸಮಾಧಾನದಲ್ಲಿ ಬೋಲ್ಟ್ ಮುಚ್ಚಿದರೆ ಮ್ಯಾಗಜಿನ್ನಿನ ಮೇಲಿನ ತೋಟಾ ಸದ್ದಿಲ್ಲದೆ ನಳಿಕೆಗೆ ಸೇರಿಕೊಳ್ಳುತ್ತದೆ. ಅದಾದ ಮೇಲೆ ಮ್ಯಾಗಜಿನ್ ತೆಗೆದಿಟ್ಟು, ಎರಡೂ ಕಡೆ ಖಾಲಿ ಎಂದು ನಂಬಿ, ಪರೀಕ್ಷೆಗೆಂದು ಟ್ರಿಗರ್ ಎಳೆದವರಿದ್ದಾರೆ.

ತೋಟಾ ಹೊರಬಿದ್ದ ಮೇಲೂ ಬೋಲ್ಟ್ ತೆರೆದೇ ಇರಬೇಕು. ತೋಟಾ ಕೂರುವ ಗೂಡನ್ನು ಬೆಳಕಿಗೆ ಹಿಡಿದು ನೋಡಬೇಕು. ಕಿರುಬೆರಳು ತೂರಿಸಿ ಮುಟ್ಟಿ ನೋಡಬೇಕು. ಸಂಜೆಯ ಮಬ್ಬಿನಲ್ಲಿ ಕಣ್ಣಿಗೆ ಕಾಣದ ತೋಟಾದ ಹಿತ್ತಾಳೆ ಅಂಚು ಬೆರಳಿಗೆ ಸಿಗುತ್ತದೆ. ಹೊರಬಂದ ತೋಟಾಗಳನ್ನು ಎಣಿಸಿ, ಹಾಕಿದ್ದ ಲೆಕ್ಕಕ್ಕೆ ತಾಳೆ ನೋಡುವುದು ಇನ್ನೂ ಒಳ್ಳೆಯದು. ಜೋಡುನಳಿಕೆ ಇದಕ್ಕಿಂತ ಸುಲಭ. ಮಡಚಿದರೆ ಎರಡೂ ನಳಿಕೆಯಲ್ಲಿ ಬೆಳಕು ಕಾಣುತ್ತದೆ. ಬೇಲಿ, ಕಾಲುಸಂಕ, ಹಳ್ಳ ದಾಟುವಾಗ ಅದನ್ನು ಮಡಚಿಯೇ ಹಿಡಿಯಬೇಕು. ದೂರದಲ್ಲಿ ನಿಂತವರಿಗೂ ಕೋವಿ ಖಾಲಿಯಿದೆಯೆಂದು ಕಾಣುತ್ತದೆ.

ಎನ್‌ಸಿಸಿಯಲ್ಲಿದ್ದವರಿಗೆ ‘ಜಾಂಚ್ ಶಸ್ತ್ರ’ ಎಂಬ ಆಜ್ಞೆ ನೆನಪಿರಬಹುದು. ಫೈರಿಂಗ್ ಮುಗಿದ ಮೇಲೆ .22 ರೈಫಲ್ಲಿನ ಬೋಲ್ಟ್ ತೆರೆದು ತೋರಿಸಿ, ಹವಾಲ್ದಾರರು ಒಬ್ಬೊಬ್ಬರದನ್ನೂ ನೋಡಿದ ಮೇಲೆಯೇ ಎದ್ದು ನಿಲ್ಲಬೇಕಿತ್ತು. ಒಲಿಂಪಿಕ್ ಮಟ್ಟದ ಸ್ಪರ್ಧೆಗಳಲ್ಲೂ ಇದೇ ಶಿಸ್ತು. ಹೊಡೆಯದಿರುವಾಗ ರೈಫಲ್ಲಿನ ಗೂಡಿನಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಎಳೆ ಹೊರಗೆ ಚಾಚಿರುತ್ತದೆ. ಗೂಡಿನಲ್ಲಿ ತೋಟಾ ಇದ್ದರೆ ಅದು ಒಳಗೆ ಹೋಗುವುದೇ ಇಲ್ಲ. ವಿಶ್ವ ಚಾಂಪಿಯನ್ನನ ಮಾತನ್ನೂ ಅಲ್ಲಿ ಬರಿದೇ ನಂಬುವುದಿಲ್ಲ, ಎಳೆ ಕಾಣಬೇಕು.

ನಮ್ಮ ಮನೆಗಳಲ್ಲೂ ಹೀಗೆ ತೋರಿಸಿ ಕೊಡುವ ರೂಢಿ ಬರಬೇಕು. ಕೊಡುವವರು ಕೋವಿ ತೆರೆದು ತೋರಿಸಬೇಕು. ಇಸಿದುಕೊಳ್ಳುವವರು, ಕೊಟ್ಟವರು ಸ್ವಂತ ಅಪ್ಪನೇ ಆಗಿರಲಿ, ತಾವೇ ಮತ್ತೊಮ್ಮೆ ನೋಡಬೇಕು. ಹಿರಿಯರ ಮೇಲೆ ಅಪನಂಬಿಕೆ ತೋರಿದಂತಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿದೆ. ಅದನ್ನು ಮುರಿಯಬೇಕಾದವರು ಹಿರಿಯರೇ. ‘ನೀನೂ ನೋಡು ಮಗಾ’ ಎಂದು ಅವರೇ ಹೇಳಿದರೆ ಸಾಕು.

ಹಾರಿದ ಗುಂಡು ಎಲ್ಲಿಗೆ?

ಮರದ ತುದಿಯ ತೆಂಗಿನಕಾಯಿಗೆ ಹೊಡೆದ ಗುಂಡು ಕಾಯಿಯಲ್ಲಿ ನಿಲ್ಲುವುದಿಲ್ಲ. ತಪ್ಪಿದ ಗುಂಡಂತೂ ಆಕಾಶದ ದಾರಿ ಹಿಡಿಯುತ್ತದೆ. ಪುಟ್ಟ .22 ತೋಟಾದ ಪೊಟ್ಟಣದ ಮೇಲೆಯೇ ಇದು ಒಂದೂವರೆ ಮೈಲಿ ಹೋಗಬಲ್ಲದು ಎಂಬ ಎಚ್ಚರಿಕೆ ಮುದ್ರಿಸಿರುತ್ತಾರೆ. ಸೇನಾ ಮಾದರಿಯ .30 ಬೋರಿನ ರೈಫಲ್ ಗುಂಡು ಓರೆಯಾಗಿ ಮೇಲಕ್ಕೆ ಹಾರಿದರೆ ಮೂರು ನಾಲ್ಕು ಕಿಲೋಮೀಟರ್ ದಾಟುತ್ತದೆ. ಹನ್ನೆರಡು ಬೋರಿನ ಸಣ್ಣ ಚರೆ ಬೇಗ ಸೋಲುತ್ತದೆ, ಆದರೆ ಹಂದಿಗೆಂದು ಇಡುವ ಎಲ್‌ಜಿ, ಎಸ್‌ಜಿ ತೋಟಾದ ದಪ್ಪ ಚರೆ 600 ಮೀಟರ್ ದಾಟಬಲ್ಲದು. ಆ ದೂರದಲ್ಲಿ ಪಕ್ಕದ ಎಸ್ಟೇಟಿನ ಲೈನ್‌ಮನೆಗಳಿರಬಹುದು, ಶಾಲೆಯಿರಬಹುದು, ಕಾಫಿ ಗಿಡಗಳ ನಡುವೆ ಕಣ್ಣಿಗೆ ಬೀಳದೆ ಕಳೆ ಕೀಳುತ್ತಿರುವವರಿರಬಹುದು.

ನೆಟ್ಟಗೆ ಮೇಲಕ್ಕೆ ಹೊಡೆದರೆ ಏನೂ ಆಗದು ಎಂಬ ನಂಬಿಕೆಯೂ ಪೊಳ್ಳು. ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ನೂರು ವರ್ಷಗಳ ಹಿಂದೆ ಫ್ಲಾರಿಡಾದ ನೀರಿನ ನಡುವೆ ನಿಂತು ಪರೀಕ್ಷಿಸಿ ಬರೆದ ಲೆಕ್ಕದಂತೆ, ಮರಳಿ ಬೀಳುವ ರೈಫಲ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 300 ಅಡಿ. ಓರೆಯಾಗಿ ಹಾರಿದ್ದು ಇದಕ್ಕಿಂತ ಹೆಚ್ಚು ವೇಗ ಉಳಿಸಿಕೊಂಡೇ ಬೀಳುತ್ತದೆ. ಮದುವೆ ದಿಬ್ಬಣ, ಚುನಾವಣೆಯ ಗೆಲುವು, ಹೊಸ ವರ್ಷದ ನಡುರಾತ್ರಿಯ ಗುಂಡುಗಳು ಎಲ್ಲೋ ಕೆಳಗಿಳಿಯಲೇಬೇಕು.

ರಾತ್ರಿಯ ತೋಟದಲ್ಲಿ ಇನ್ನೊಂದು ಬಗೆಯ ದುರಂತ ಕಾದಿರುತ್ತದೆ. ಪೊದೆ ಅಲುಗಿತು, ಹಂದಿಯೆಂದು ಹೊಡೆದರು, ಬಿದ್ದದ್ದು ಜೊತೆಯಲ್ಲೇ ಬಂದ ಗೆಳೆಯ. ಮಲೆನಾಡು, ಕರಾವಳಿ, ಕೊಡಗು ಈ ಮೂರೂ ಕಡೆಯಿಂದ ಇಂಥ ಸುದ್ದಿ ಬರುತ್ತಲೇ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿ ಅರ್ಧ ಶತಮಾನ ಕಳೆದಿದೆ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಕತ್ತಲಲ್ಲಿ ಸದ್ದು ಬಂದ ಕಡೆ ಹೊಡೆಯಲು ಕೊಟ್ಟದ್ದಲ್ಲ. ಸದ್ದು, ಅಲುಗಾಟ, ಟಾರ್ಚಿನಲ್ಲಿ ಮಿಂಚಿದ ಕಣ್ಣು, ಯಾವುದೂ ಗುರಿಯಲ್ಲ. ಪೂರ್ತಿ ಮೈ ಕಂಡು, ಅದರ ಹಿಂದೆ ಮಣ್ಣು ಕಾಣದಿದ್ದರೆ ಬೆರಳು ಟ್ರಿಗರಿಗೆ ಹೋಗಬಾರದು.

> ಕಾನೂನು ಏನನ್ನುತ್ತದೆ?
> 2019ರ ತಿದ್ದುಪಡಿಯ ನಂತರ, ಸಂಭ್ರಮಕ್ಕೆಂದು ಗುಂಡು ಹಾರಿಸಿ ಅಥವಾ ಕೋವಿಯನ್ನು ಅಜಾಗರೂಕವಾಗಿ ಬಳಸಿ ಇತರರ ಜೀವಕ್ಕೆ ಅಪಾಯ ತಂದರೆ ಆಯುಧ ಕಾಯ್ದೆಯಡಿ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗೂ ಪೆಟ್ಟಾಗಿರಬೇಕೆಂದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ 5 ವರ್ಷದವರೆಗೆ ಜೈಲು. 2016ರ ಆಯುಧ ನಿಯಮಗಳು ಲೈಸೆನ್ಸ್ ಪಡೆಯುವವರಿಗೆ ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರವನ್ನೂ ತಂದವು.

ಹಬ್ಬದ ಬಯಲಿಗೆ ಬೇಕಾದದ್ದು

ನಿಯಮ ತರಬೇತಿ ಬೇಡುತ್ತದೆ. ಆದರೆ ತಂದೆಯ ಕೋವಿ ಮಗನಿಗೆ ಬರುವಾಗ ಅವನಿಗೆ ಸಿಗುವುದು ಬಹಳ ಕಡೆ ಅರ್ಧ ಗಂಟೆಯ ಮನೆಪಾಠ. ವಿನಾಯಿತಿ ಇರುವಲ್ಲಿ ಲೈಸೆನ್ಸ್ ಇಲ್ಲ, ಹಾಗಾಗಿ ತರಬೇತಿಯ ಕಾಗದವನ್ನು ಕೇಳುವವರೂ ಇಲ್ಲ. ಹಿಂದೆ ಈ ಕೊರತೆ ಅಷ್ಟಾಗಿ ಕಾಡಲಿಲ್ಲ. ಕೊಡಗಿನ ಮನೆಗೊಬ್ಬರಾದರೂ ಸೇನೆಯಲ್ಲಿದ್ದು ಬಂದವರಿರುತ್ತಿದ್ದರು, ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಆಯುಧದ ಶಿಸ್ತು ಊಟದಷ್ಟೇ ಸಹಜವಾಗಿ ಮಕ್ಕಳಿಗೆ ದಾಟುತ್ತಿತ್ತು. ಈಗ ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಹಬ್ಬಕ್ಕೆ ಎರಡು ದಿನ ಬಂದು ಹೋಗುತ್ತಾರೆ. ಕೋವಿ ಹಿಡಿಯುವ ಆಸೆ ಉಳಿದಿದೆ, ಹಿಡಿಯುವ ಅಭ್ಯಾಸ ಉಳಿದಿಲ್ಲ. ಫೋಟೊಗಾಗಿ ಒಬ್ಬರ ಕಡೆಗೊಬ್ಬರು ನಳಿಕೆ ತಿರುಗಿಸಿ ನಗುವ ದೃಶ್ಯ ನೋಡಿದರೆ ಎದೆ ನಡುಗುತ್ತದೆ.

ಆಯುಧವನ್ನು ದೇವರೆಂದು ಪೂಜಿಸುವ ಸಂಪ್ರದಾಯ ಇರಲಿ, ಬೆಳೆಯಲಿ. ಅದಕ್ಕೆ ತಕ್ಕ ಶಿಸ್ತು ಜೊತೆಗಿರಲಿ. ತೆಂಗಿನಕಾಯಿಯನ್ನು ಮರದ ತುದಿಯಿಂದ ಇಳಿಸಿ ಗುಡ್ಡದ ಬುಡದಲ್ಲಿ, ಎತ್ತರದ ಮಣ್ಣಿನ ದಿಬ್ಬದ ಮುಂದೆ ಕಟ್ಟಿದರೆ ಸ್ಪರ್ಧೆಯ ರೋಚಕತೆ ಒಂದಿಷ್ಟೂ ಕಡಿಮೆಯಾಗದು. ತಪ್ಪಿದ ಗುಂಡು ಮಣ್ಣಿನಲ್ಲಿ ಹೂತುಹೋಗುತ್ತದೆ. ಹೊಡೆಯುವ ಗೆರೆಯಲ್ಲಿ ಒಬ್ಬರ ಮಾತೇ ನಡೆಯಬೇಕು, ಆ ಕೆಲಸಕ್ಕೆ ನಿವೃತ್ತ ಯೋಧರಿಗಿಂತ ಬೇರೆ ಯಾರು ಬೇಕು? ಅವರು ಹೇಳಿದಾಗ ತೋಟಾ ಹಾಕಬೇಕು, ನಿಲ್ಲಿಸಿ ಎಂದಾಗ ಎಲ್ಲರೂ ಕೋವಿ ತೆರೆದು ಕೆಳಗಿಡಬೇಕು. ಕುಡಿದವರಿಗೆ ಗೆರೆಯ ಹತ್ತಿರ ಜಾಗವಿರಬಾರದು, ಅವರು ಎಷ್ಟೇ ಹಿರಿಯರಾಗಿರಲಿ.

ಮನೆಯಲ್ಲಿ ಕೋವಿಗೆ ಬೀಗವಿರುವ ಕಪಾಟು, ತೋಟಾಗಳಿಗೆ ಬೇರೆ ಕೋಣೆಯಲ್ಲಿ ಬೇರೆ ಬೀಗ. ಎರಡೂ ಬೀಗದ ಕೈ ಮಕ್ಕಳಿಗೆ ಗೊತ್ತಿರುವ ಜಾಗದಲ್ಲಿರಬಾರದು. ಸವೆದ ಹಳೆಯ ಕೋವಿಯನ್ನು ಹಬ್ಬಕ್ಕೆ ಮೊದಲು ಲೈಸೆನ್ಸ್ ಇರುವ ದುರಸ್ತಿಗಾರರಿಗೆ ತೋರಿಸಿ, ಅದು ಬಳಸಲು ಯೋಗ್ಯವಲ್ಲವೆಂದರೆ ಪೂಜೆಗಷ್ಟೇ ಇಟ್ಟುಕೊಳ್ಳಿ.

ಜಿಲ್ಲಾಡಳಿತಕ್ಕೂ ಒಂದು ಮಾತು. ಚುನಾವಣೆ ಬಂದಾಗ ಪ್ರತಿ ಲೈಸೆನ್ಸುದಾರರನ್ನೂ ಹುಡುಕಿ ಕೋವಿ ಠೇವಣಿ ಇಡಿಸಿಕೊಳ್ಳುವ ವ್ಯವಸ್ಥೆ ನಿಮ್ಮಲ್ಲಿದೆ. ವಾಪಸು ಕೊಡುವ ದಿನ ಅದೇ ಠಾಣೆಯ ಅಂಗಳದಲ್ಲಿ ಒಂದು ತಾಸು ಕೂರಿಸಿ ಕೋವಿ ಖಾಲಿ ಮಾಡುವ ಕ್ರಮ, ಸೇಫ್ಟಿಯ ಮಿತಿ, ನಳಿಕೆಯ ದಿಕ್ಕು ಈ ಮೂರನ್ನು ಕಲಿಸಿ. ಕಲಿಸಬಲ್ಲ ಪೊಲೀಸರು ಪ್ರತಿ ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯಲ್ಲೇ ಇದ್ದಾರೆ.